ನೆರೆಯ ಹೊರೆ ಯಾರ ಹೆಗಲಿಗೆ?

ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಯೊಂದರಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕ ಕಂಡು ಗೇಟಿನ ಚಿಲಕ ಅಲುಗಿಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಅನೇಕ ವೇಳೆ ಬಾಡಿಗೆಯನ್ನಾಗಲಿ, ಅಡ್ವಾನ್ಸ್ ಅನ್ನಾಗಲಿ ಕುರಿತದ್ದಾಗಿರುವುದಿಲ್ಲ. ‘ತಾವು ಯಾವ ಪೈಕಿ?’ ಎಂದು ಮನೆಯ ಯಜಮಾನರು ಬಹಳ ಸೌಜನ್ಯದಿಂದಲೇ ವಿಚಾರಿಸುತ್ತಾರೆ. ದಲಿತ ಕುಟುಂಬಗಳಿಗೆ ಈ ಪ್ರಶ್ನೆಯ ಇರಿತ ಹಳೆಯದು. ಮುಸ್ಲಿಂ ಕುಟುಂಬಕ್ಕಾದರೆ ಪ್ರಶ್ನೆಯ ಅಗತ್ಯವೂ ಬೀಳುವುದಿಲ್ಲ. ದೂರವಾಣಿಯಲ್ಲಿ ಹೆಸರು ಹೇಳಿದ ಕೂಡಲೇ ಉತ್ತರ ಸಿಕ್ಕಿಬಿಡುತ್ತದೆ. ‘ಮನೆ ಬೆಳಿಗ್ಗೆಯಷ್ಟೇ ಹೋಯಿತು’, ‘ಮಗ ಊರಿನಿಂದ ಬರುವವನಿದ್ದಾನೆ’, ‘ನಮಗೇನೂ ಅಭ್ಯಂತರವಿಲ್ಲ, ಮೇಲಿನ ಮನೆಯವರು ಒಪ್ಪಬೇಕಲ್ಲ’ ಎಂಬ ಮಾತುಗಳು ಸಿದ್ಧವಾಗಿರುತ್ತವೆ. ಫಲಕ ಮಾತ್ರ ಮರುವಾರವೂ ಅದೇ ಗೇಟಿನ ಮೇಲೆ ತೂಗಾಡುತ್ತಿರುತ್ತದೆ.

ಕೋಮು ಸೌಹಾರ್ದದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗಳೆಲ್ಲ ಗಲಭೆಯಿಂದ ಆರಂಭವಾಗಿ ಶಾಂತಿಸಭೆಯಲ್ಲಿ ಮುಗಿಯುತ್ತವೆ. ಗಲಭೆ ಇಲ್ಲದ ದಿನಗಳಲ್ಲಿ ಎರಡು ಧರ್ಮಗಳ ಜನರು ಒಂದೇ ಗೋಡೆಯ ಆಚೀಚೆ ಹೇಗೆ ಬದುಕುತ್ತಾರೆ, ಬದುಕುವ ಅವಕಾಶವಾದರೂ ಅವರಿಗೆ ಇದೆಯೇ ಎಂಬ ಪ್ರಶ್ನೆಗೆ ಸುದ್ದಿಯ ಮೌಲ್ಯವಿಲ್ಲ. ಆದರೆ ಸಮಾಜದ ಆರೋಗ್ಯ ನಿರ್ಧಾರವಾಗುವುದು ಇಲ್ಲಿಯೇ. ಅಲ್ಪಸಂಖ್ಯಾತ ಕುಟುಂಬವೊಂದು ನೆರೆಯವರ ಪರಿಚಯ ಮಾಡಿಕೊಳ್ಳುವುದು ಕೇವಲ ಮನಸ್ಸುಗಳ ವಿಚಾರವಲ್ಲ. ಮೊದಲು ಬಾಗಿಲು ತೆರೆಯಬೇಕು. ಆನಂತರ ಪರಿಚಯದ ಹೊಣೆಯನ್ನು ಎರಡೂ ಕಡೆಯವರು ಹೊರಬೇಕು. ಇಂದು ನಮ್ಮ ನಗರಗಳಲ್ಲಿ ಬಾಗಿಲು ಅರ್ಧ ಮಾತ್ರ ತೆರೆದಿದೆ. ಹೊಣೆ ಬಹುಮಟ್ಟಿಗೆ ಒಂದೇ ಕಡೆಯ ಹೆಗಲ ಮೇಲಿದೆ.

ಗೌರವವಿದೆ, ದೂರದಿಂದ

2011ರ ಜನಗಣತಿಯ ಪ್ರಕಾರ ಕರ್ನಾಟಕದ 6.11 ಕೋಟಿ ಜನರಲ್ಲಿ ಮುಸ್ಲಿಮರು ಶೇ 12.92, ಕ್ರೈಸ್ತರು ಶೇ 1.87, ಜೈನರು ಶೇ 0.72ರಷ್ಟಿದ್ದಾರೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮುಸ್ಲಿಮರ ಪ್ರಮಾಣ ಸುಮಾರು ಶೇ 24. ಅಂದರೆ ರಾಜ್ಯದ ಪ್ರತಿ ಎಂಟು ಜನರಲ್ಲಿ ಒಬ್ಬರು ಮುಸ್ಲಿಮರು. ಈ ಲೆಕ್ಕದಲ್ಲಿ ಪ್ರತಿ ಬೀದಿಯಲ್ಲಿಯೂ ಒಂದೆರಡು ಮುಸ್ಲಿಂ ಮನೆಗಳಿರಬೇಕಿತ್ತು. ನಗರಗಳಲ್ಲಿ ವಾಸಿಸುವವರು ತಮ್ಮ ಬೀದಿಯನ್ನೊಮ್ಮೆ ಕಣ್ಣೆದುರು ತಂದುಕೊಂಡರೆ ವಾಸ್ತವ ಏನೆಂಬುದು ತಿಳಿಯುತ್ತದೆ.

ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019ರ ಕೊನೆಯಿಂದ 2020ರ ಆರಂಭದವರೆಗೆ ಭಾರತದ ಸುಮಾರು 30 ಸಾವಿರ ವಯಸ್ಕರನ್ನು ಸಂದರ್ಶಿಸಿ, 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಈ ವಿರೋಧಾಭಾಸವನ್ನು ಅಂಕಿಗಳಲ್ಲಿ ಹಿಡಿದಿಟ್ಟಿದೆ. ಎಲ್ಲ ಧರ್ಮಗಳನ್ನು ಗೌರವಿಸುವುದು ನಿಜವಾದ ಭಾರತೀಯತೆಯ ಮುಖ್ಯ ಲಕ್ಷಣವೆಂದು ಶೇ 84ರಷ್ಟು ಮಂದಿ ಹೇಳಿದರು. ಅದೇ ಸಮೀಕ್ಷೆಯಲ್ಲಿ, ಮುಸ್ಲಿಮರು ನೆರೆಯವರಾಗಿ ಬರುವುದಕ್ಕೆ ತಮ್ಮ ಒಪ್ಪಿಗೆ ಇಲ್ಲವೆಂದು ಶೇ 36ರಷ್ಟು ಹಿಂದೂಗಳು ತಿಳಿಸಿದರು. ಜೈನರಲ್ಲಿ ಈ ಪ್ರಮಾಣ ಶೇ 54. ಹಿಂದೂಗಳು ನೆರೆಯವರಾಗುವುದು ಬೇಡವೆಂದ ಮುಸ್ಲಿಮರು ಶೇ 16. ತಮ್ಮ ಆಪ್ತ ಸ್ನೇಹಿತರೆಲ್ಲ ಅಥವಾ ಬಹುತೇಕರು ಸ್ವಧರ್ಮದವರೇ ಎಂದು ಹಿಂದೂಗಳಲ್ಲಿ ಶೇ 86ರಷ್ಟು ಜನ ಒಪ್ಪಿಕೊಂಡರು.

ಈ ಅಂಕಿಗಳನ್ನು ಕೇವಲ ದ್ವೇಷದ ಪುರಾವೆಯೆಂದು ಓದುವುದು ಸರಿಯಲ್ಲ. ಗೌರವಿಸುತ್ತೇವೆ ಎಂದವರು ಸುಳ್ಳು ಹೇಳುತ್ತಿಲ್ಲ. ಅನ್ಯಧರ್ಮದವರು ಚೆನ್ನಾಗಿರಲಿ, ತಮ್ಮ ಕೇರಿಯಲ್ಲಿ ಇರಲಿ ಎಂಬ ಮನೋಭಾವ ನಮ್ಮಲ್ಲಿ ಆಳವಾಗಿದೆ. ಜಾತಿಗೊಂದು ಕೇರಿ ಎಂಬ ಹಳ್ಳಿಯ ವ್ಯವಸ್ಥೆ ನಗರಕ್ಕೆ ಬಂದು ಅಪಾರ್ಟ್‌ಮೆಂಟಿನ ಮಹಡಿಗಳನ್ನು ಹತ್ತಿದೆ, ಅಷ್ಟೇ. ಇದನ್ನು ಒಂದೇ ಧರ್ಮದವರ ದೋಷವೆಂದು ತೋರಿಸಲೂ ಆಗದು. ಆದರೆ ಶೇ 84ರಷ್ಟಿರುವ ಬಹುಸಂಖ್ಯಾತರ ನಿರಾಕರಣೆಗೂ ಶೇ 13ರಷ್ಟಿರುವವರ ನಿರಾಕರಣೆಗೂ ಪರಿಣಾಮದಲ್ಲಿ ಅಜಗಜಾಂತರವಿದೆ. ಮೊದಲನೆಯವರು ಬಾಗಿಲು ಮುಚ್ಚಿದರೆ ನಗರವೇ ಮುಚ್ಚಿದಂತಾಗುತ್ತದೆ.

ಬಾಗಿಲು ತೆರೆದ ಮೇಲೆ

ಇಷ್ಟೆಲ್ಲ ಅಡೆತಡೆಗಳ ನಡುವೆಯೂ ಮನೆ ದೊರೆತ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಗಂಡ ಬ್ಯಾಂಕಿನಲ್ಲಿ ಉದ್ಯೋಗಿ, ಹೆಂಡತಿ ಶಾಲಾ ಶಿಕ್ಷಕಿ, ಇಬ್ಬರು ಮಕ್ಕಳು. ಬೀದಿಗೆ ಇದೊಂದೇ ಮುಸ್ಲಿಂ ಮನೆ. ಸಾಮಾನು ಇಳಿಸಿದ ದಿನದಿಂದಲೇ ಆ ಗೃಹಿಣಿ ಕೆಲವು ನಿರ್ಧಾರಗಳನ್ನು ಕೈಗೊಳ್ಳಬೇಕಾಗುತ್ತದೆ. ಬಾಗಿಲ ಮೇಲೆ ಅರಬ್ಬೀ ಅಕ್ಷರಗಳ ಫಲಕ ತೂಗಿಸಬೇಕೇ, ಒಳಗಿನ ಕೋಣೆಯಲ್ಲಿಡಬೇಕೇ? ಅಡುಗೆಮನೆಯ ಕಿಟಕಿಯನ್ನು ಭಾನುವಾರ ತೆರೆದಿಡಬಹುದೇ? ಊರಿನಿಂದ ಬರುವ ಅತ್ತೆ ಬುರ್ಖಾ ಧರಿಸಿ ಬೀದಿಯಲ್ಲಿ ನಡೆದರೆ ಯಾರೇನು ಅಂದುಕೊಳ್ಳುತ್ತಾರೆ? ಮಕ್ಕಳು ಹೊರಗೆ ಆಡುವಾಗ ‘ಅಮ್ಮೀ’ ಎಂದು ಕೂಗುವುದು ಬೇಡವೇ? ಪಕ್ಕದ ಮನೆಯ ಹೆಣ್ಣುಮಗಳಿಗೆ ಇಂತಹ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಪರಿಚಯದ ಮೊದಲ ಹೆಜ್ಜೆಯೂ ಇವರದೇ. ರಂಜಾನ್ ಹಬ್ಬದಂದು ಸುರಕುಂಬಾ ತುಂಬಿದ ಡಬ್ಬಿ ಹಿಡಿದು ಅಕ್ಕಪಕ್ಕದ ಮನೆಗಳ ಬಾಗಿಲಿಗೆ ಹೋಗುವಾಗ ‘ಇದಕ್ಕೆ ಪಾತ್ರೆ ಬೇರೆ, ಹಾಲು, ಶಾವಿಗೆ, ಖರ್ಜೂರ ಬಿಟ್ಟು ಬೇರೇನೂ ಹಾಕಿಲ್ಲ’ ಎಂಬ ವಿವರಣೆಯನ್ನೂ ಜೊತೆಗೆ ಒಯ್ಯಬೇಕು. ಕೊಟ್ಟದ್ದನ್ನು ಅವರು ತಿಂದರೋ, ಕೆಲಸದವಳಿಗೆ ಕೊಟ್ಟರೋ ಎಂದು ಕೇಳುವಂತಿಲ್ಲ. ಯುಗಾದಿಯಂದು ಅದೇ ಡಬ್ಬಿಯಲ್ಲಿ ಒಬ್ಬಟ್ಟು ಮರಳಿ ಬಂದರೆ ಆ ಮನೆಗೆ ಅದು ನಿಜವಾದ ಹಬ್ಬ. ಡಬ್ಬಿ ತೊಳೆದು ಬರಿದಾಗಿ ಮರಳಿದರೆ ಅದರ ಅರ್ಥವೂ ತಿಳಿಯುತ್ತದೆ.

ದೇಶದ ಯಾವುದೋ ಮೂಲೆಯಲ್ಲಿ ಬಾಂಬ್ ಸಿಡಿದ ದಿನ ಈ ಕುಟುಂಬದ ಹೊರೆ ಹೆಚ್ಚಾಗುತ್ತದೆ. ಅಂದು ಸಂಜೆ ನೀರಿನ ಟ್ಯಾಂಕರಿನ ಬಳಿ ನಿಂತಾಗ ಮೌನವಾಗಿದ್ದರೆ ತಪ್ಪು, ಮಾತನಾಡಿದರೆ ಅದನ್ನು ಸಮಜಾಯಿಷಿ ಎಂದುಕೊಳ್ಳುತ್ತಾರೆ. ತಾನು ಎಂದೂ ಕಾಣದ ಅಪರಾಧಿಯ ಪರವಾಗಿ ನಾಚಿಕೆಪಡುವಂತೆ ಒಬ್ಬ ಬ್ಯಾಂಕ್ ಉದ್ಯೋಗಿಯನ್ನು ಸಮಾಜ ಅಪೇಕ್ಷಿಸುತ್ತದೆ. ಒಬ್ಬ ವ್ಯಕ್ತಿಯಾಗಿ ಪರಿಚಯವಾಗುವ ಸ್ವಾತಂತ್ರ್ಯ ಬಹುಸಂಖ್ಯಾತ ಕುಟುಂಬಕ್ಕೆ ಹುಟ್ಟಿನಿಂದಲೇ ಬಂದಿದೆ. ಅಲ್ಪಸಂಖ್ಯಾತ ಕುಟುಂಬ ಅದನ್ನು ವರ್ಷಗಟ್ಟಲೆ ದುಡಿದು ಗಳಿಸಬೇಕು. ಗಳಿಸಿದ್ದನ್ನು ಒಂದು ಸಂಜೆಯ ಸುದ್ದಿ ಅಳಿಸಿಹಾಕಬಹುದು.

ಆಹಾರದ ಪ್ರಶ್ನೆ

ಮನೆ ಕೊಡದಿರುವುದಕ್ಕೆ ಅತಿ ಹೆಚ್ಚು ಬಾರಿ ಮುಂದೊಡ್ಡುವ ಕಾರಣ ಆಹಾರ. ಇದನ್ನು ನೆಪವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮನೆಯ ಕೆಳಭಾಗದಲ್ಲಿ ತಾವು ವಾಸವಿದ್ದು ಮೇಲ್ಮಹಡಿಯನ್ನು ಬಾಡಿಗೆಗೆ ಕೊಡುವ, ಜೀವನಪೂರ್ತಿ ಮಾಂಸದ ವಾಸನೆ ತಿಳಿಯದ ವೃದ್ಧ ದಂಪತಿಗಳ ಮುಜುಗರ ಪ್ರಾಮಾಣಿಕವಾದದ್ದಿರಬಹುದು. ಆದರೆ ಈ ವಾದವನ್ನು ಅದರ ತುದಿಯವರೆಗೆ ಒಯ್ದು ನೋಡಬೇಕು. ಕರ್ನಾಟಕದ ಹಿಂದೂಗಳಲ್ಲಿ ಬಹುಸಂಖ್ಯಾತರು ಮಾಂಸಾಹಾರಿಗಳು. ಒಕ್ಕಲಿಗ, ಕುರುಬ, ಬೇಡ, ಬಂಟ, ಬಿಲ್ಲವ, ಕೊಡವ ಮನೆಗಳಲ್ಲಿ ಭಾನುವಾರದ ಒಗ್ಗರಣೆಯ ಪರಿಮಳ ಬೇರೆಯಲ್ಲ. ಸ್ವತಃ ಮಾಂಸ ತಿನ್ನುವ ಮಾಲೀಕರೂ ಮುಸ್ಲಿಂ ಹೆಸರು ಕೇಳಿದೊಡನೆ ಸಸ್ಯಾಹಾರದ ನಿಯಮವನ್ನು ನೆನಪಿಸಿಕೊಂಡರೆ ಅಲ್ಲಿ ಪ್ರಶ್ನೆ ಅಡುಗೆಯದಲ್ಲವೆಂದು ಸ್ಪಷ್ಟವಾಗುತ್ತದೆ. ನೂರಾರು ಮನೆಗಳ ಅಪಾರ್ಟ್‌ಮೆಂಟಿನಲ್ಲಂತೂ ಪ್ರತಿ ಮನೆಗೂ ಬೇರೆ ಅಡುಗೆಮನೆ, ಬೇರೆ ಬಾಗಿಲು ಇರುವಾಗ ಆಹಾರದ ವಾದಕ್ಕೆ ಬಲ ಇನ್ನೂ ಕಡಿಮೆ.

ಕಾನೂನಿನ ಮೌನ

ದೇಶದ ಯಾವುದೇ ಭಾಗದಲ್ಲಿ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ನೀಡಿದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಯಲ್ಲಿ ಧರ್ಮ ಮತ್ತು ಜಾತಿಯ ಆಧಾರದ ಮೇಲೆ ತಡೆಯೊಡ್ಡಬಾರದೆಂದು 15ನೇ ವಿಧಿ ಹೇಳುತ್ತದೆ. ಈ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ಕೇಂದ್ರ ಸಂಪುಟ 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯು ಮುಂಗಡ ಹಣ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಮಿತಿ ಹಾಕಿದೆ. ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವ ವಿಚಾರದಲ್ಲಿ ಅದೂ ಮೌನವಾಗಿದೆ. ಅಮೆರಿಕದಲ್ಲಿ 1968ರ ನ್ಯಾಯಯುತ ವಸತಿ ಕಾಯ್ದೆಯು ಧರ್ಮ, ಜನಾಂಗಗಳ ಆಧಾರದ ಮೇಲೆ ಮನೆ ನಿರಾಕರಿಸುವುದನ್ನು ನಿಷೇಧಿಸಿತು. ನಮ್ಮಲ್ಲಿ ಸಂಸದ ಶಶಿ ತರೂರ್ ಅವರು ವಸತಿಯನ್ನೂ ಒಳಗೊಂಡ ತಾರತಮ್ಯ ವಿರೋಧಿ ಮಸೂದೆಯನ್ನು 2017ರಲ್ಲಿ ಖಾಸಗಿಯಾಗಿ ಮಂಡಿಸಿದ್ದರೂ ಅದು ಕಾಯ್ದೆಯಾಗಲಿಲ್ಲ.

2005ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಇಲ್ಲಿ ನೆನೆಯಬೇಕು. ಅಹಮದಾಬಾದಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂಬ ನಿಯಮ ಹೊಂದಿತ್ತು. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯದ ಅಡಿಯಲ್ಲಿ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ಅತಿ ಚಿಕ್ಕ ಸಮುದಾಯವೊಂದು ತನ್ನ ಉಳಿವಿಗಾಗಿ ಒಟ್ಟಾಗಿರಲು ಬಯಸುವುದನ್ನು ಅರ್ಥಮಾಡಿಕೊಳ್ಳಬಹುದು. ಅದೇ ತರ್ಕವನ್ನು ಬಲಾಢ್ಯ ಸಮುದಾಯಗಳ ವಸತಿ ಸಂಘಗಳು ಬಳಸತೊಡಗಿದರೆ ನಗರ ಹೋಳಾಗುತ್ತದೆ ಎಂಬ ಆತಂಕಕ್ಕೆ ತೀರ್ಪಿನಲ್ಲಿ ಪರಿಹಾರ ಸಿಗಲಿಲ್ಲ.

ಸರ್ಕಾರವೇ ಮನೆ ಕಟ್ಟಿಕೊಟ್ಟಲ್ಲಿಯೂ ಸ್ಥಿತಿ ಸರಳವಲ್ಲ. ಗುಜರಾತಿನ ವಡೋದರದಲ್ಲಿ ಮುಖ್ಯಮಂತ್ರಿ ವಸತಿ ಯೋಜನೆಯ ಸಮುಚ್ಚಯವೊಂದರಲ್ಲಿ ಮುಸ್ಲಿಂ ಮಹಿಳೆಯೊಬ್ಬರಿಗೆ ನಿಯಮದಂತೆ ಮನೆ ಹಂಚಿಕೆಯಾಗಿದ್ದುದನ್ನು ವಿರೋಧಿಸಿ ಅಲ್ಲಿನ ಕೆಲವು ನಿವಾಸಿಗಳು 2024ರಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸಿದ ಪ್ರಕರಣ ದೇಶದ ಗಮನ ಸೆಳೆಯಿತು. ಆಕೆಯ ಮೇಲೆ ಬೇರೆ ಯಾವ ಆರೋಪವೂ ಇರಲಿಲ್ಲ. ಪರಿಚಯವಾಗುವ ಮೊದಲೇ ಪರಿಚಯ ಬೇಡವೆಂದು ಅರ್ಜಿ ಬರೆಯಲಾಗಿತ್ತು.

ಕೇರಿಗೆ ಮರಳಿದಾಗ

ಹೀಗೆ ಅಲೆದು ಸೋತ ಕುಟುಂಬ ಕೊನೆಗೆ ಸ್ವಧರ್ಮದವರ ಬಡಾವಣೆಗೆ ಮರಳುತ್ತದೆ. ಅಲ್ಲಿ ಪ್ರಶ್ನೆಗಳಿಲ್ಲ, ಮಸೀದಿ ಹತ್ತಿರ, ಗಲಭೆಯಾದರೆ ಭಯ ಕಡಿಮೆ. ‘ಅವರು ಅವರವರಲ್ಲೇ ಇರಲು ಬಯಸುತ್ತಾರೆ’ ಎಂಬ ಆರೋಪಕ್ಕೆ ಹೊರಗಿನವರಿಗೆ ಪುರಾವೆ ಸಿಗುತ್ತದೆ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಈ ವರ್ತುಲವನ್ನು ಗುರುತಿಸಿತ್ತು: ಅಭದ್ರತೆ ಮತ್ತು ನಿರಾಕರಣೆಗಳಿಂದ ಮುಸ್ಲಿಮರು ಒಂದೆಡೆ ಗುಂಪುಗೂಡುತ್ತಾರೆ, ಹಾಗೆ ಗುಂಪುಗೂಡಿದ ಪ್ರದೇಶಗಳು ಆಡಳಿತದ ನಿರ್ಲಕ್ಷ್ಯಕ್ಕೆ ಸುಲಭವಾಗಿ ತುತ್ತಾಗುತ್ತವೆ.

ಈಚೆಗೆ ಅರ್ಥಶಾಸ್ತ್ರಜ್ಞರ ತಂಡವೊಂದು ದೇಶದ ಸುಮಾರು 15 ಲಕ್ಷ ನೆರೆಹೊರೆಗಳ ಮಾಹಿತಿಯನ್ನು ವಿಶ್ಲೇಷಿಸಿ ಇದನ್ನು ದೃಢಪಡಿಸಿದೆ. ನಗರಗಳ ಮುಸ್ಲಿಮರಲ್ಲಿ ಶೇ 26ರಷ್ಟು ಜನ, ಶೇ 80ಕ್ಕಿಂತ ಹೆಚ್ಚು ಮುಸ್ಲಿಮರೇ ಇರುವ ಪ್ರದೇಶಗಳಲ್ಲಿ ವಾಸಿಸುತ್ತಾರೆ. ಇಂತಹ ಪ್ರದೇಶಗಳಲ್ಲಿ ಸರ್ಕಾರಿ ಪ್ರೌಢಶಾಲೆ, ಆರೋಗ್ಯ ಕೇಂದ್ರ, ನೀರಿನ ಸೌಲಭ್ಯಗಳು ಒಂದೇ ನಗರದ ಇತರ ಪ್ರದೇಶಗಳಿಗಿಂತ ಕಡಿಮೆ. ಅಲ್ಲಿ ಬೆಳೆದ ಮಕ್ಕಳು ಕಡಿಮೆ ವರ್ಷ ಓದುತ್ತಾರೆ. ಆದ್ದರಿಂದ ಗೇಟಿನ ಬಳಿ ಹೇಳಿದ ‘ಮನೆ ಹೋಯಿತು’ ಎಂಬ ಸಣ್ಣ ಸುಳ್ಳಿನ ಬೆಲೆಯನ್ನು ತೆರುವುದು ಆ ಕುಟುಂಬದ ಮುಂದಿನ ತಲೆಮಾರು. ಇತ್ತ ಮನೆ ಕೊಡದವರ ಮಕ್ಕಳೂ ಒಬ್ಬನೇ ಒಬ್ಬ ಮುಸ್ಲಿಂ ಗೆಳೆಯನಿಲ್ಲದೆ ಬೆಳೆಯುತ್ತಾರೆ. ಅವರಿಗೆ ಆ ಸಮುದಾಯದ ಪರಿಚಯ ಮಾಡಿಕೊಡುವ ಕೆಲಸ ಟಿ.ವಿ. ಚರ್ಚೆಗಳ ಮತ್ತು ಮೊಬೈಲ್‌ಗೆ ಬಂದು ಬೀಳುವ ಸಂದೇಶಗಳ ಪಾಲಾಗುತ್ತದೆ.

ಸಿಹಿ ಹಂಚಿಕೆ ಸಾಕೇ?

ಕರ್ನಾಟಕಕ್ಕೆ ಕೂಡಿ ಬಾಳುವ ಪರಂಪರೆ ಹೊಸದಲ್ಲ. ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶಿಶುನಾಳ ಶರೀಫರು ನಮ್ಮವರು. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರೇ ಇಲ್ಲದ ಹಳ್ಳಿಗಳಲ್ಲಿಯೂ ಮೊಹರಂ ಆಚರಿಸುತ್ತಾರೆ. ಬೆಂಗಳೂರು ಕರಗ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡಿ ಮುಂದೆ ಸಾಗುತ್ತದೆ. ಇವು ಹೆಮ್ಮೆಯ ಸಂಗತಿಗಳು. ಆದರೆ 2022ರಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕದಂತೆ ತಡೆದಾಗ ಈ ಪರಂಪರೆ ಅವರ ನೆರವಿಗೆ ಬರಲಿಲ್ಲ ಎಂಬುದನ್ನೂ ಮರೆಯಬಾರದು. ವರ್ಷಕ್ಕೊಮ್ಮೆ ಕೂಡುವ ಹಬ್ಬ, ದಿನನಿತ್ಯ ಕೂಡಿ ಮಾಡುವ ಕೆಲಸಕ್ಕೆ ಬದಲಿಯಾಗಲಾರದು.

ರಾಜಕೀಯ ವಿಜ್ಞಾನಿ ಆಶುತೋಷ್ ವಾರ್ಷ್ಣೇಯ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಪ್ರಸ್ತುತ. ಗಲಭೆಪೀಡಿತ ಅಲಿಗಢವನ್ನು ಶಾಂತವಾಗಿದ್ದ ಕೋಯಿಕ್ಕೋಡಿನೊಂದಿಗೆ, ಹೈದರಾಬಾದನ್ನು ಲಖನೌದೊಂದಿಗೆ, ಅಹಮದಾಬಾದನ್ನು ಸೂರತ್‌ನೊಂದಿಗೆ ಹೋಲಿಸಿ ಅವರು ಕಂಡುಕೊಂಡ ಸತ್ಯ ಇದು: ಪರಸ್ಪರರ ಮನೆಗೆ ಹೋಗುವುದು, ಒಟ್ಟಿಗೆ ಉಣ್ಣುವುದು, ಮಕ್ಕಳು ಕೂಡಿ ಆಡುವುದು ಒಳ್ಳೆಯದು, ಆದರೆ ದೊಡ್ಡ ನಗರದಲ್ಲಿ ರಾಜಕೀಯ ಬಿರುಗಾಳಿ ಎದ್ದಾಗ ಅಷ್ಟು ಸಾಲದು. ವರ್ತಕರ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ, ಕ್ರೀಡಾ ಸಂಘಗಳಲ್ಲಿ ಎರಡೂ ಧರ್ಮದವರು ಸಮಾನ ಸದಸ್ಯರಾಗಿ ದುಡಿಯುವ ಊರು ವದಂತಿಗಳನ್ನು ತಡೆದು ನಿಲ್ಲಿಸುತ್ತದೆ. ಮಹಾರಾಷ್ಟ್ರದ ಭಿವಂಡಿ ಇದಕ್ಕೆ ನಿದರ್ಶನ. 1970 ಮತ್ತು 1984ರಲ್ಲಿ ಹೊತ್ತಿ ಉರಿದಿದ್ದ ಆ ಊರಿನಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಉಭಯ ಧರ್ಮೀಯರು ಠಾಣೆಯ ಅಧಿಕಾರಿಯೊಂದಿಗೆ ನಿಯಮಿತವಾಗಿ ಕೂತು ಸ್ಥಳೀಯ ತಕರಾರುಗಳನ್ನು ಬಗೆಹರಿಸಿಕೊಳ್ಳುತ್ತಿದ್ದರು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ನೆರೆಯ ಮುಂಬಯಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು.

ಸಿಂಗಪುರ ಇನ್ನೊಂದು ದಾರಿ ಹಿಡಿಯಿತು. 1989ರಿಂದ ಅಲ್ಲಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಪ್ರತಿ ಕಟ್ಟಡಕ್ಕೂ ಜನಾಂಗವಾರು ಮಿತಿ ನಿಗದಿಯಾಗಿದೆ. ಒಂದು ಕಟ್ಟಡದಲ್ಲಿ ಚೀನೀಯರು ಶೇ 87ನ್ನು, ಮಲಯರು ಶೇ 25ನ್ನು ಮೀರುವಂತಿಲ್ಲ. ಒಂದೇ ಸಮುದಾಯದ ಕೇರಿ ರೂಪುಗೊಳ್ಳುವುದನ್ನು ಇದು ತಡೆದಿದೆ. ಆದರೆ ಮಿತಿಯ ಕಾರಣದಿಂದ ಅಲ್ಪಸಂಖ್ಯಾತರಿಗೆ ತಮ್ಮ ಮನೆ ಮಾರಲು ಗಿರಾಕಿಗಳು ಸಿಗುವುದು ಕಷ್ಟವಾಗಿ, ಕಡಿಮೆ ಬೆಲೆಗೆ ಒಪ್ಪಬೇಕಾದ ಸಂದರ್ಭಗಳೂ ಉಂಟು. ಬಹುತೇಕ ವಸತಿ ಸರ್ಕಾರದ ಕೈಯಲ್ಲಿರುವ ಪುಟ್ಟ ನಗರರಾಷ್ಟ್ರದ ಈ ಕ್ರಮವನ್ನು ನಾವು ಯಥಾವತ್ತಾಗಿ ಅನುಕರಿಸಲಾಗದು. ಕೂಡಿ ಬಾಳುವುದು ತಾನಾಗಿಯೇ ಆಗುವುದಿಲ್ಲ, ಅದಕ್ಕೆ ವ್ಯವಸ್ಥೆ ಬೇಕು ಎಂಬ ಪಾಠವನ್ನಂತೂ ಕಲಿಯಬಹುದು.

ಮಾಡಬಹುದಾದದ್ದು

ಕರ್ನಾಟಕದಲ್ಲಿ ಮೂರು ಹೆಜ್ಜೆಗಳು ಸಾಧ್ಯ. ಮೊದಲನೆಯದು, ವಸತಿ ತಾರತಮ್ಯದ ವಿರುದ್ಧ ರಾಜ್ಯವೇ ಕಾನೂನು ರೂಪಿಸುವುದು. ತಾವೇ ವಾಸಿಸುವ ಮನೆಯ ಒಂದು ಭಾಗವನ್ನು ಬಾಡಿಗೆಗೆ ಕೊಡುವವರಿಗೆ ವಿನಾಯಿತಿ ಇರಲಿ. ವೃದ್ಧ ದಂಪತಿಗಳನ್ನು ಕೋರ್ಟಿಗೆ ಎಳೆಯುವುದು ಯಾರ ಉದ್ದೇಶವೂ ಅಲ್ಲ. ಆದರೆ ಬಹುಮಹಡಿ ಸಮುಚ್ಚಯಗಳು, ಬಿಲ್ಡರ್‌ಗಳು, ದಲ್ಲಾಳಿಗಳು, ಜಾಹೀರಾತು ಪ್ರಕಟಿಸುವ ಜಾಲತಾಣಗಳು ಧರ್ಮ ಮತ್ತು ಜಾತಿಯನ್ನು ಮಾನದಂಡವಾಗಿ ಬಳಸದಂತೆ ನಿರ್ಬಂಧಿಸುವುದು ಅಸಾಧ್ಯವೇನಲ್ಲ. ಎರಡನೆಯದು, ಗೃಹ ಮಂಡಳಿ ಮತ್ತು ನಗರಾಭಿವೃದ್ಧಿ ಪ್ರಾಧಿಕಾರಗಳು ಹಂಚುವ ಮನೆಗಳಲ್ಲಿ ಮಿಶ್ರ ವಾಸವನ್ನು ಕಾಪಾಡುವುದು, ಹಂಚಿಕೆಯಾದ ಕುಟುಂಬವನ್ನು ನೆರೆಯವರು ವಿರೋಧಿಸಿದರೆ ಆಡಳಿತ ಆ ಕುಟುಂಬದ ಬೆನ್ನಿಗೆ ನಿಲ್ಲುವುದು.

ಮೂರನೆಯದಕ್ಕೆ ಸರ್ಕಾರ ಬೇಕಿಲ್ಲ. ನಮ್ಮ ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳು ಗಣೇಶೋತ್ಸವ, ರಾಜ್ಯೋತ್ಸವಗಳನ್ನು ಚೆನ್ನಾಗಿಯೇ ನಡೆಸುತ್ತವೆ. ಬೀದಿಯ ಒಂದೇ ಮುಸ್ಲಿಂ ಅಥವಾ ಕ್ರೈಸ್ತ ಮನೆಯಿಂದ ಚಂದಾ ಪಡೆಯುವುದಕ್ಕೂ ಅವು ಹಿಂಜರಿಯುವುದಿಲ್ಲ. ಆದರೆ ಆ ಮನೆಯವರನ್ನು ಖಜಾಂಚಿಯನ್ನಾಗಿ, ಕಾರ್ಯದರ್ಶಿಯನ್ನಾಗಿ ಆರಿಸಿದ ಸಂಘಗಳೆಷ್ಟು? ನೀರಿನ ಟ್ಯಾಂಕರ್ ತರಿಸುವುದು, ಕಸ ವಿಂಗಡಣೆ, ಚರಂಡಿಯ ದೂರು, ರಾತ್ರಿ ಕಾವಲುಗಾರನ ಸಂಬಳ ಇವು ಯಾವ ಧರ್ಮಕ್ಕೂ ಸೇರಿದ ಕೆಲಸಗಳಲ್ಲ. ಇವುಗಳಲ್ಲಿ ಕೂಡಿ ದುಡಿದವರು ಪರಸ್ಪರರನ್ನು ಸಿಡುಕ, ಜಿಪುಣ, ಮರೆಗುಳಿ, ಪರೋಪಕಾರಿ ಎಂದು ಗುರುತಿಸಲು ಕಲಿಯುತ್ತಾರೆ. ಪರಿಚಯ ಎನ್ನುವುದು ಇದನ್ನೇ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಹೊಣೆ ಸಮನಾಗಿ ಹಂಚಿಕೆಯಾದಾಗ ಅಲ್ಪಸಂಖ್ಯಾತ ಕುಟುಂಬವೂ ಸಭೆಗೆ ಬರಬೇಕು, ತಕರಾರು ಇದ್ದರೆ ಎದ್ದು ನಿಂತು ಹೇಳಬೇಕು. ಕೃತಜ್ಞತೆಯಿಂದ ಬಾಯಿ ಮುಚ್ಚಿಕೊಂಡಿರುವುದು ಅತಿಥಿಯ ಲಕ್ಷಣ, ನೆರೆಯವನದಲ್ಲ.

ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಕನ್ನಡಿಗರೆಲ್ಲ ಸಂಭ್ರಮಿಸಿದರು. ಕೆಲವೇ ತಿಂಗಳಲ್ಲಿ, ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಆಹ್ವಾನಿಸಿದ್ದಕ್ಕೆ ಆಕ್ಷೇಪವೆದ್ದು ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆಕ್ಷೇಪವನ್ನು ನ್ಯಾಯಾಲಯಗಳು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಅವರ ಬರವಣಿಗೆಯ ಮೂಲಕ ಕನ್ನಡದ ಓದುಗರು ನಾಲ್ಕು ದಶಕಗಳಿಂದ ಮುಸ್ಲಿಂ ಮನೆಯ ಒಳಕೋಣೆಯವರೆಗೆ ಹೋಗಿಬಂದಿದ್ದಾರೆ. ಪುಸ್ತಕದಲ್ಲಿ ಅವರ ಮನೆಯೊಳಗೆ ನಮಗೆ ಪ್ರವೇಶ ಸಿಕ್ಕಿದೆ. ನಮ್ಮ ಬೀದಿಯಲ್ಲಿ ಅವರಿಗೆ ಮನೆ ಸಿಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಮುಂದಿನ ಬಾರಿ ನಮ್ಮ ಗೇಟಿಗೆ ಫಲಕ ತೂಗಿಸಿದಾಗ, ಬಂದವರನ್ನು ಮನೆಯೊಳಗೆ ಕರೆದು ಕೂರಿಸಿ ಎಷ್ಟು ಜನ ಇರುತ್ತೀರಿ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಬಾಡಿಗೆ ಸಕಾಲಕ್ಕೆ ಕೊಡಬಲ್ಲಿರಾ ಎಂದು ಕೇಳಬಹುದು. ಮನೆ ಕೊಡುವುದಕ್ಕೆ ಅಷ್ಟು ವಿವರ ಸಾಕು. ಉಳಿದ ಪರಿಚಯಕ್ಕೆ ವರ್ಷಗಳಿವೆ.